ಕಾಯಕವೂ ಜಾತಿಯ ದುಡಿಮೆಯೂ

ಶರಣಧರ್ಮದ ತತ್ತ್ವಗಳಲ್ಲಿ ಕಾಯಕದಷ್ಟು ಜನಜನಿತವಾದುದು ಬೇರೊಂದಿಲ್ಲ. ಅದರಷ್ಟು ಅಪಾರ್ಥಕ್ಕೆ ಗುರಿಯಾದುದೂ ವಿರಳ. ದುಡಿಮೆಯೇ ಪೂಜೆಯಾದ ಮೇಲೆ ಯಾವ ದುಡಿಮೆಯೂ ಹೀನವಲ್ಲ, ಆದುದರಿಂದ ಪಾಯಖಾನೆಯ ಮಲ ಬಳಿಯುವವನೂ ತನ್ನ ಪಾಲಿನ ಕಾಯಕವನ್ನೇ ಮಾಡುತ್ತಿರುವನು, ಅವನು ವ್ಯಥೆಪಡುವುದೇತಕ್ಕೆ ಎಂದು ವಾದಿಸುವವರುಂಟು. ರಾಜಕೀಯ ವೇದಿಕೆಗಳಲ್ಲಿಯೂ ಈ ಕೆಲಸಕ್ಕೆ ಸೇವೆಯೆಂದೂ ಅಧ್ಯಾತ್ಮವೆಂದೂ ಹೆಸರಿಟ್ಟುದುಂಟು. ಈ ವಾದವು ಮೇಲ್ನೋಟಕ್ಕೆ ಶರಣರ ನುಡಿಯಂತೆಯೇ ಕೇಳಿಸುವುದರಿಂದ ಸದ್ಭಕ್ತರು ಇದನ್ನು ಎಚ್ಚರದಿಂದ ಪರಿಶೀಲಿಸತಕ್ಕದ್ದು.

ಅಂಗಳ ಗುಡಿಸುವ ಕಾಯಕದ ಸತ್ಯಕ್ಕನ ದೃಷ್ಟಾಂತವನ್ನು ವಾದಿಗಳು ಮುಂದಿಡಬಹುದು. ಆದರೆ ಸತ್ಯಕ್ಕ ಶರಣರ ಗೋಷ್ಠಿಯಲ್ಲಿ ಮಾತನಾಡಿದವಳು. ಹಾದಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಮುಟ್ಟೆನೆಂದು ಆಣೆಯಿಟ್ಟು ನುಡಿದ ಆಕೆಯ ವಚನಗಳು ಇಂದಿಗೂ ಉಳಿದಿವೆ. ಆಯ್ದಕ್ಕಿ ಲಕ್ಕಮ್ಮನಾದರೋ, ಪತಿಯಾದ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಹಿಂದಿರುಗಿಸುವಂತೆ ಮಾಡಿದಳು. ಬೇಡವೆನ್ನುವ ಅಧಿಕಾರವು ಕಾಯಕಜೀವಿಗೆ ಇದ್ದಿತೆಂಬುದನ್ನು ಇಲ್ಲಿ ಗಮನಿಸಬೇಕು. ಇನ್ನು ನುಲಿಯ ಚಂದಯ್ಯನ ಮತವಂತೂ ಮತ್ತಷ್ಟು ನಿಷ್ಠುರವಾದುದು: ಗುರುವಾಗಲಿ ಲಿಂಗವಾಗಲಿ ಜಂಗಮವಾಗಲಿ ಕಾಯಕದಿಂದ ಹೊರತಲ್ಲ. ಹಾಗಿದ್ದಲ್ಲಿ, ಮಲ ಬಳಿಯುವುದು ನಿಜವಾಗಿ ಕಾಯಕವೇ ಆಗಿದ್ದರೆ, ಆ ಸರದಿ ಒಂದೇ ಕೇರಿಯ ಮಕ್ಕಳಿಗೆ ಮಾತ್ರ ತಲೆತಲಾಂತರ ಬರುವುದೇಕೆ? ಸ್ಥಿತಿವಂತರ ಮನೆಯ ಮಗನಿಗೆ ಒಮ್ಮೆಯೂ ಬಾರದೇಕೆ? ಆಯ್ಕೆಯಿಲ್ಲದ, ಹುಟ್ಟಿನಿಂದ ಹೇರಲ್ಪಟ್ಟ ದುಡಿಮೆಗೆ ಕಾಯಕವೆಂಬ ಹೆಸರು ಸಲ್ಲದು.

ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಎತ್ತಿದವರು ಅದೇ ಕೇರಿಯವರು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ 1966ರಲ್ಲಿ ಜನಿಸಿದ ಬೆಜವಾಡ ವಿಲ್ಸನ್ ಅವರು ಮಲ ಹೊರುವ ವೃತ್ತಿಯ ಕುಟುಂಬದವರೇ. ಅವರು ಮುನ್ನಡೆಸಿದ ಸಫಾಯಿ ಕರ್ಮಚಾರಿ ಆಂದೋಲನವು 2003ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಅದಕ್ಕೂ ಮುನ್ನ, 1970ರ ದಶಕದಲ್ಲಿ, ನಮ್ಮ ರಾಜ್ಯದ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದರು. ಆದರೂ 2010ರ ಜುಲೈ ತಿಂಗಳಿನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವರು ತಮ್ಮ ವಾಸದ ನೆಲೆಗಾಗಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಶರಣರ ನಾಡಿನಲ್ಲಿ ಹೀಗಾಯಿತೆಂಬುದು ಸಣ್ಣ ಮಾತಲ್ಲ.

ಹಕ್ಕು ಎಂಬ ಮಾತು ಪರದೇಶದಿಂದ ಬಂದುದೆಂದು ಕೆಲವರು ಮೂಗು ಮುರಿಯುವರು. ವಿಶ್ವಸಂಸ್ಥೆಯ ಘೋಷಣೆಯು 1948ರದು, ನಿಜ. ಆದರೆ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ವಿವಾಹವಾದಾಗ ಆ ತಂದೆಯರಿಬ್ಬರೂ ಪ್ರಾಣವನ್ನೇ ತೆತ್ತರೆಂದು ನಮ್ಮ ಪರಂಪರೆಯು ಹೇಳುತ್ತದೆ. ಕಲ್ಯಾಣದಲ್ಲಿ ಅಂದು ಪಣಕ್ಕಿಟ್ಟುದು ಇದೇ ಸಮಾನತೆಯನ್ನಲ್ಲವೆ?

ಕಾನೂನಿನ ಸಂಗತಿಯನ್ನು ಗೃಹಸ್ಥರು ತಿಳಿದಿರುವುದು ಅವಶ್ಯ. 1993ರ ಕಾಯಿದೆಯು ಒಣ ಪಾಯಖಾನೆಗಳನ್ನು ನಿಷೇಧಿಸಿತು. 2013ರ ಕಾಯಿದೆಯು, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗೂ ಮಲಗುಂಡಿಗೂ ಇಳಿಸುವುದನ್ನು ಅಪರಾಧವೆಂದಿತು; ಇದು ನಗರಸಭೆಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಮೊದಲ ತಪ್ಪಿಗೇ ಎರಡು ವರ್ಷಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿಗಳ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ವಿಧಿಸಿ, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವು ಸೇರಿಕೊಂಡಿರುತ್ತದೆ. ಅದು ಹೆಚ್ಚಿದಷ್ಟೂ ಮೂಗಿನ ಗ್ರಹಣಶಕ್ತಿಯೇ ಕುಂದುವುದರಿಂದ ಇಳಿದವನಿಗೆ ಅಪಾಯವು ತಿಳಿಯುವುದಿಲ್ಲ. ಅವನನ್ನು ಎತ್ತಲು ಹೋದವನೂ ಅಲ್ಲಿಯೇ ಬೀಳುವನು.

ಪೂಜೆ ಮುಗಿಸಿ ದಾಸೋಹಕ್ಕೆ ಅಕ್ಕಿ ಅಳೆದುಕೊಡುವ ಭಕ್ತನೇ, ಹಿತ್ತಿಲ ಗುಂಡಿ ತುಂಬಿದಾಗ, ಹೀರುಯಂತ್ರದ ಬಂಡಿಯ ಬಾಡಿಗೆ ಹೆಚ್ಚಾಯಿತೆಂದು ಕೂಲಿಯವನನ್ನು ಕರೆಯುವುದುಂಟು. ಆ ಬಾಡಿಗೆಯನ್ನು ದಾಸೋಹದ ಲೆಕ್ಕಕ್ಕೇ ಸೇರಿಸಿಕೊಳ್ಳಲಿ. ಈ ವೃತ್ತಿಯನ್ನು ಬಿಡುವವರಿಗೆ ನಗದು ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ, ಬೇರೆ ಕಸುಬಿನ ತರಬೇತಿ ಇವೆಲ್ಲವನ್ನೂ 2013ರ ಕಾಯಿದೆಯಲ್ಲಿಯೇ ಹೇಳಿದೆ. ಆದರೆ ಮೊದಲು ಅವರ ಹೆಸರು ಸಮೀಕ್ಷೆಯ ಪಟ್ಟಿಗೆ ಸೇರಬೇಕು. ಊರಿನಲ್ಲಿ ಓದುಬರಹ ಬಲ್ಲ ಭಕ್ತರು ಅವರೊಡನೆ ಕುಳಿತು ಅರ್ಜಿ ಬರೆದು, ಕಚೇರಿಯವರೆಗೆ ಜೊತೆಗೆ ಹೋಗಿ ಬರಬಹುದು.