ಕೈ ಜಿಪಿಎಸ್ ಹಿಡಿದು ಹಾರುವ ಮುನ್ನ

ಹೈದರಾಬಾದಿನ ಸನತ್‌ನಗರಕ್ಕೆ ಪೂರ್ವದಲ್ಲಿ, ಪಕ್ಕದಲ್ಲೇ ಬೇಗಂಪೇಟೆ ರನ್‌ವೇ. 2008ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನಗಳು ಶಂಷಾಬಾದಿಗೆ ಹೋದ ಮೇಲೂ ಇಲ್ಲಿ ಹಾರಾಟದ ತರಬೇತಿ ಮುಂದುವರಿಯಿತು. ಇಲ್ಲಿಂದ ಕಲಬುರಗಿಗೆ ಸೆಸ್ನಾ 172ರಂಥ ಪುಟ್ಟ ವಿಮಾನದಲ್ಲಿ, ಕೈ ಜಿಪಿಎಸ್ ನೆರವು ಪಡೆದು ಹೊರಡುತ್ತೀರಿ ಎನ್ನೋಣ.

ಮೊದಲ ಕೆಲಸ ಕಾಗದದ ನಕ್ಷೆಯಲ್ಲಿ. ಎರಡೂ ನಿಲ್ದಾಣಗಳ ನಡುವೆ ಗೆರೆ ಎಳೆದು ಅಳೆಯಿರಿ: ಸುಮಾರು 87 ನಾಟಿಕಲ್ ಮೈಲಿ, ಅಂದರೆ 160 ಕಿ.ಮೀ.; ದಿಕ್ಕು ಪಶ್ಚಿಮಕ್ಕಿಂತ ತುಸು ದಕ್ಷಿಣ, 264 ಡಿಗ್ರಿಯ ಆಸುಪಾಸು. ಇವನ್ನು ಬರೆದಿಟ್ಟುಕೊಂಡೇ ಜಿಪಿಎಸ್ ಆನ್ ಮಾಡಿ.

ಮುಂದಿನದು ಅಕ್ಷಾಂಶ, ರೇಖಾಂಶ ತುಂಬುವುದು. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ಬೇಗಂಪೇಟೆ ಇರುವುದು 17 ಡಿಗ್ರಿ 27 ನಿಮಿಷ ಉತ್ತರ, 78 ಡಿಗ್ರಿ 28 ನಿಮಿಷ ಪೂರ್ವದಲ್ಲಿ. ಉಪಕರಣ ದಶಮಾಂಶದಲ್ಲಿ ಕೇಳುವಾಗ ಇದನ್ನೇ 17.27, 78.28 ಎಂದು ಒತ್ತಿದಿರೋ, ಅದು ನೈಋತ್ಯಕ್ಕೆ ಸುಮಾರು 28 ಕಿ.ಮೀ. ಆಚೆಯ ಜಾಗವನ್ನು ತೋರಿಸುತ್ತದೆ. ಡಿಗ್ರಿಗೆ 60 ನಿಮಿಷ; ಸರಿಯಾದ ದಶಮಾಂಶ 17.45, 78.47. ವಾಪಸು ಬರುವಾಗ ಈ ತಪ್ಪು ನಿಮ್ಮನ್ನು ದೊಡ್ಡ ಜೆಟ್‌ಗಳು ಓಡಾಡುವ ಶಂಷಾಬಾದಿನ ಕಡೆಗೆ ಒಯ್ಯುತ್ತದೆ. ಆದ್ದರಿಂದ ಪರದೆ ತೋರಿಸುವ ದೂರ, ದಿಕ್ಕುಗಳನ್ನು ನಿಮ್ಮ ಚೀಟಿಯೊಂದಿಗೆ ತಾಳೆ ನೋಡಿ. ಮ್ಯಾಪ್ ಡೇಟಮ್ (ಅಕ್ಷಾಂಶ, ರೇಖಾಂಶ ಎಣಿಸುವ ಆಧಾರ ಮಾದರಿ) ಡಬ್ಲ್ಯುಜಿಎಸ್-84 ಇರಲಿ.

ಉಪಕರಣವನ್ನು ಆಕಾಶ ಕಾಣುವಂತೆ, ಆದರೆ ದಿಕ್ಸೂಚಿಯಿಂದ ದೂರವಾಗಿ, ಕಂಟ್ರೋಲ್‌ಗೆ ಅಡ್ಡಬಾರದಂತೆ ಬಿಗಿಯಿರಿ. ಬ್ಯಾಟರಿ ತುಂಬಿರಲಿ.

ಹಾರುವಾಗ ಕಣ್ಣು ಹೊರಗಿರಬೇಕು. ಹೊರಟ ಸುಮಾರು 60 ಕಿ.ಮೀ.ಗೆ, ಬೀದರಿನ ರೈಲು ಹಳಿ ಕವಲೊಡೆಯುವ ವಿಕಾರಾಬಾದ್ ಎಡಕ್ಕೆ ಕಾಣಬೇಕು. ಕಂಡ ಹೊತ್ತನ್ನು ನಕ್ಷೆಯಲ್ಲಿ ಗುರುತಿಸಿ; ಜಿಪಿಎಸ್ ಕೈಕೊಟ್ಟರೆ ಅಲ್ಲಿಂದ ಮುಂದಿನ ಲೆಕ್ಕ ಹಾಕಬಹುದು. ಪರದೆಯ ವೇಗ ನೆಲದ ಮೇಲಿನ ವೇಗ. ಹಿಂಗಾಳಿ ಇದ್ದರೆ ಅದು ಹೆಚ್ಚು ತೋರುತ್ತದೆ, ಆದರೆ ರೆಕ್ಕೆಗೆ ಬೇಕಾದದ್ದು ಗಾಳಿಯಲ್ಲಿನ ವೇಗ. ಇಳಿಯುವಾಗ ಏರ್‌ಸ್ಪೀಡ್ ಇಂಡಿಕೇಟರನ್ನೇ ನೋಡಿ. ಎತ್ತರಕ್ಕೂ ಆಲ್ಟಿಮೀಟರೇ ಪ್ರಮಾಣ.

ಹಕೀಂಪೇಟೆ, ದುಂಡಿಗಲ್, ಬೀದರುಗಳಲ್ಲಿ ವಾಯುಪಡೆಯ ನೆಲೆಗಳಿವೆ. ಪರದೆಯ ನೇರ ಗೆರೆ ಅನುಮತಿಯಲ್ಲ. ಫ್ಲೈಟ್ ಪ್ಲಾನ್ ಸಲ್ಲಿಸಿ ಎಡಿಸಿ (ವಾಯು ರಕ್ಷಣಾ ಅನುಮತಿ), ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ಸಂಖ್ಯೆ ಪಡೆದೇ ಹೊರಡಬೇಕು. ಇನ್ನು, ಉಪಗ್ರಹದ ಮೂಲಕ ಸಂದೇಶ ಕಳಿಸುವ ಜಿಪಿಎಸ್ ಮಾದರಿಗಳನ್ನು ವಿದೇಶದಿಂದ ತರಿಸಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ.