ಕಾಲಿನ ಬೈಪಾಸ್ ನಾಳ ಮತ್ತು ಕಾಂತೀಯ ಅನುರಣನ ಚಿತ್ರಣ

ಫೋರ್ಟ್ ಕೊಚ್ಚಿಯ ಕಡಲ ದಂಡೆಯಲ್ಲಿ ಸಂಜೆ ಅಡ್ಡಾಡಲು ಹೊರಟವರಿಗೆ ನೂರು ಹೆಜ್ಜೆ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದಂತಾಗುವುದು, ಕ್ಷಣಕಾಲ ನಿಂತರೆ ನೋವು ತಾನೇ ಇಳಿಯುವುದು. ಇದನ್ನು ವಾತವೆಂದು ಭಾವಿಸಿ ಎಣ್ಣೆ ತಿಕ್ಕುತ್ತ ಕಾಲ ಕಳೆಯುವವರು ನಮ್ಮಲ್ಲಿ ಅನೇಕರು. ಎಷ್ಟೋ ವೇಳೆ ಅದು ಕಾಲಿನ ಅಪಧಮನಿಯಲ್ಲಿ ಕೊಬ್ಬು ಕಟ್ಟಿ ರಕ್ತದ ಹರಿವು ಕುಗ್ಗಿರುವುದರ ಸೂಚನೆ. ಧೂಮಪಾನವೂ ಸಿಹಿಮೂತ್ರ ರೋಗವೂ ಇದಕ್ಕೆ ಮುಖ್ಯ ಕಾರಣಗಳು. ರೋಗ ಬಲಿತು ಬೆರಳು ಕಪ್ಪಾಗತೊಡಗಿದಾಗ ಕಾಲನ್ನು ಉಳಿಸಲು ಬೈಪಾಸ್ ಶಸ್ತ್ರಕ್ರಿಯೆ ಬೇಕಾಗಬಹುದು.

1948ರಲ್ಲಿ ಪ್ಯಾರಿಸ್ ನಗರದ ಕುನ್ಲಿನ್ ಎಂಬ ವೈದ್ಯರು ರೋಗಿಯ ಸ್ವಂತ ಕಾಲಿನ ಅಭಿಧಮನಿಯನ್ನೇ ಬಳಸಿ, ಮುಚ್ಚಿಹೋದ ಅಪಧಮನಿಯ ಮೇಲೂ ಕೆಳಗೂ ಜೋಡಿಸಿ ರಕ್ತಕ್ಕೆ ಬದಲು ದಾರಿ ಮಾಡಿಕೊಟ್ಟರು. ಅಭಿಧಮನಿಯೊಳಗೆ ರಕ್ತವನ್ನು ಮೇಲ್ಮುಖವಾಗಿ ಮಾತ್ರ ಬಿಡುವ ಕವಾಟಗಳಿರುವುದರಿಂದ ಅದನ್ನು ತಲೆಕೆಳಗು ಮಾಡಿ ಹೊಲಿಯಬೇಕು, ಇಲ್ಲವೇ ಕವಾಟಗಳನ್ನು ಕತ್ತರಿಸಬೇಕು. ಕೃತಕ ನಾಳಗಳು ಬಂದಿವೆಯಾದರೂ ಮಂಡಿಯಿಂದ ಕೆಳಕ್ಕೆ ಸ್ವಂತ ನಾಳಕ್ಕೆ ಸಮನಾದುದಿಲ್ಲ.

ಆದರೆ ತೆಳುಗೋಡೆಯ ಈ ನಾಳ ಕಡಿಮೆ ಒತ್ತಡಕ್ಕೆ ಒಗ್ಗಿದ್ದುದು. ಒಮ್ಮೆಲೇ ಅಪಧಮನಿಯ ಒತ್ತಡ ಮೇಲೆ ಬಿದ್ದಾಗ ಅದರ ಗೋಡೆ ದಪ್ಪವಾಗುತ್ತದೆ. ಇದು ಮಿತಿಯಲ್ಲಿದ್ದರೆ ಒಳ್ಳೆಯದೇ. ಮಿತಿಮೀರಿದರೆ ಒಳದಾರಿ ಕಿರಿದಾಗುತ್ತದೆ. ಮೊದಲ ತಿಂಗಳಿನಿಂದ ಎರಡು ವರ್ಷದೊಳಗೆ ನಾಳ ಕೆಡುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ವಿಷಾದದ ಸಂಗತಿಯೆಂದರೆ, ಹೀಗೆ ಕಿರಿದಾಗುವಾಗ ಅನೇಕರಿಗೆ ನೋವೇ ಇರುವುದಿಲ್ಲ. ಕಿರಿದಾದುದನ್ನು ಸರಿಪಡಿಸಬಹುದು, ರಕ್ತ ಹೆಪ್ಪುಗಟ್ಟಿ ಪೂರ್ತಿ ಮುಚ್ಚಿದ ನಾಳವನ್ನು ಮತ್ತೆ ತೆರೆಯುವುದು ಬಹಳ ಕಷ್ಟ.

1980ರಲ್ಲಿ ಸಂಸತ್ತಿನ ಶಾಸನದಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾದ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರಕ್ತನಾಳಗಳ ಶಸ್ತ್ರಚಿಕಿತ್ಸೆಯೂ ಚಿತ್ರಣ ವಿಭಾಗವೂ ಒಂದೇ ಕಡೆ ಇವೆ. (ಅದನ್ನು ಕಟ್ಟಿ ಬೆಳೆಸಿದ ಡಾ. ವಲಿಯತ್ತಾನ್ ಅವರು ಅನಂತರ ಮಣಿಪಾಲದಲ್ಲಿ ಉಪಕುಲಪತಿಗಳಾಗಿದ್ದುದನ್ನು ನಮ್ಮ ಕರಾವಳಿಯವರು ಬಲ್ಲರು.) ಕೊಚ್ಚಿಯಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರು. ನೋವಿಲ್ಲದ ಕಾಲಿಗಾಗಿ ಅಷ್ಟು ದೂರ ಮತ್ತೆ ಯಾರು ಹೋಗುತ್ತಾರೆ? ತೊಡಕು ಇರುವುದೇ ಇಲ್ಲಿ.

ಮೊದಲ ಪರೀಕ್ಷೆಗಳು ಸುಲಭವಾದುವು, ಕೊಚ್ಚಿಯಲ್ಲೇ ಆಗುತ್ತವೆ. ಕಾಲಿನ ಹರಡಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸುವುದೊಂದು. ಈ ಪ್ರಮಾಣ 0.9ಕ್ಕಿಂತ ಕಡಿಮೆಯಿದ್ದರೆ ಅಪಧಮನಿ ರೋಗವಿದೆಯೆಂದು ಅರ್ಥ, ಹಿಂದಿನ ಸಲಕ್ಕಿಂತ 0.15ರಷ್ಟು ಇಳಿದಿದ್ದರೆ ಬೈಪಾಸ್ ನಾಳದ ಮೇಲೆ ಸಂಶಯಪಡಬೇಕು. ಡ್ಯೂಪ್ಲೆಕ್ಸ್ ಎಂಬ ಶ್ರವಣಾತೀತ ಧ್ವನಿ ಪರೀಕ್ಷೆ ಇನ್ನೊಂದು. ಇದನ್ನು ಸಾಮಾನ್ಯವಾಗಿ 3, 6, 12 ತಿಂಗಳಿಗೂ ಆಮೇಲೆ ವರ್ಷಕ್ಕೊಮ್ಮೆಯೂ ಮಾಡುತ್ತಾರೆ. ಇದರಿಂದ ಎಲ್ಲರಿಗೂ ಲಾಭವೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ: 2005ರಲ್ಲಿ ಪ್ರಕಟವಾದ, 594 ರೋಗಿಗಳ ಬ್ರಿಟಿಷ್ ಅಧ್ಯಯನವೊಂದರಲ್ಲಿ ಈ ಪರೀಕ್ಷೆಯಿಂದ ಹೆಚ್ಚು ಕಾಲುಗಳು ಉಳಿದದ್ದು ಕಂಡುಬರಲಿಲ್ಲ. ಆದರೂ ವೈದ್ಯರನ್ನು ಕಾಣುವುದನ್ನೇ ಬಿಟ್ಟುಬಿಡಲು ಅದು ಸಮರ್ಥನೆಯಲ್ಲ.

ಧ್ವನಿ ಪರೀಕ್ಷೆಯಲ್ಲಿ ಸ್ಪಷ್ಟವಾಗದಿದ್ದಾಗ ಎಂ.ಆರ್.ಐ. ಉಪಯೋಗಕ್ಕೆ ಬರುತ್ತದೆ. ಪ್ರಬಲ ಅಯಸ್ಕಾಂತ ಕ್ಷೇತ್ರದಲ್ಲಿ ದೇಹದೊಳಗಣ ನೀರಿನ ಹೈಡ್ರೋಜನ್ ಬೀಜಗಳು ರೇಡಿಯೋ ಅಲೆಗೆ ಕೊಡುವ ಮರುದನಿಯಿಂದ ಚಿತ್ರ ಮೂಡುತ್ತದೆ, ಕ್ಷಕಿರಣವಿಲ್ಲ. ಹೊಟ್ಟೆಯಿಂದ ಪಾದದವರೆಗಿನ ದಾರಿಯನ್ನೆಲ್ಲ ಒಂದೇ ನೋಟದಲ್ಲಿ ತೋರಿಸುವುದಲ್ಲದೆ, ಸೂಕ್ಷ್ಮ ವಿಧಾನಗಳಲ್ಲಿ ನಾಳದ ಗೋಡೆಯ ದಪ್ಪವನ್ನೂ ಅಳೆಯಬಹುದು. ಈ ಎರಡನೆಯದು ಮುಖ್ಯವಾಗಿ ಸಂಶೋಧನೆಯ ವಿಷಯ, ನಿತ್ಯದ ತಪಾಸಣೆಯಲ್ಲ.

ಎಚ್ಚರಿಕೆಗಳೂ ಉಂಟು. ರಕ್ತನಾಳ ಎದ್ದು ಕಾಣಲೆಂದು ಚುಚ್ಚುವ ಗೆಡೋಲಿನಿಯಂ ಔಷಧಗಳಲ್ಲಿ ಕೆಲವು, ಮೂತ್ರಪಿಂಡ ತೀವ್ರವಾಗಿ ಕೆಟ್ಟವರಲ್ಲಿ ಚರ್ಮ ಬಿಗಿದು ಗಟ್ಟಿಯಾಗುವ ರೋಗವನ್ನುಂಟುಮಾಡಬಲ್ಲವೆಂದು 2006ರಲ್ಲಿ ತಿಳಿದುಬಂತು. ಸಿಹಿಮೂತ್ರ ರೋಗಿಗಳು ಮೊದಲೇ ರಕ್ತದ ಕ್ರಿಯಾಟಿನಿನ್ ನೋಡಿಸಿಕೊಳ್ಳಬೇಕು. ಪೇಸ್‌ಮೇಕರ್ ಇದ್ದರೆ ಹೇಳಬೇಕು. ಶಸ್ತ್ರಕ್ರಿಯೆಯಲ್ಲಿ ಹಾಕಿದ ಲೋಹದ ಕ್ಲಿಪ್ಪುಗಳು ಸಾಮಾನ್ಯವಾಗಿ ಅಪಾಯಕರವಲ್ಲ. ಆದರೆ ಅವು ಇರುವಲ್ಲಿ ಚಿತ್ರದಲ್ಲಿ ಕಪ್ಪು ಕಲೆ ಬಿದ್ದು, ಇಲ್ಲದ ಕಿರಿತನ ಇದ್ದಂತೆ ತೋರಬಹುದು. ಆದುದರಿಂದ ಯಾವ ನಾಳವನ್ನು ಎಲ್ಲಿಂದ ಎಲ್ಲಿಗೆ ಜೋಡಿಸಲಾಗಿದೆಯೆಂದು ಬರೆದಿರುವ ಆಸ್ಪತ್ರೆಯ ಕಾಗದವನ್ನು ಪರೀಕ್ಷೆಗೆ ಹೋಗುವಾಗ ಜೊತೆಯಲ್ಲಿ ಒಯ್ಯತಕ್ಕದ್ದು.