ಮೇರಿ ನದಿಯ ಆಮೆ

ಮಕ್ಕಳೇ, ಆಮೆ ಎಂದ ಕೂಡಲೇ ಮೊಲವನ್ನು ಓಟದಲ್ಲಿ ಸೋಲಿಸಿದ ಕಥೆ ನೆನಪಾಗುತ್ತದೆ ಅಲ್ಲವೇ? ಆ ಆಮೆ ನಿಧಾನವಾಗಿ ನಡೆದೇ ಗೆದ್ದಿತು. ಆದರೆ ಈ ಪಾಠದ ಆಮೆಗೆ ನಿಧಾನವೇ ಕಷ್ಟ ತಂದಿದೆ. ಹೇಗೆ ಎಂದು ನೋಡೋಣ.

ವಾಸಸ್ಥಳ: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆಗ್ನೇಯ ಭಾಗದಲ್ಲಿ ಮೇರಿ ಎಂಬ ನದಿ ಹರಿಯುತ್ತದೆ. ಈ ನದಿ ಮತ್ತು ಇದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಈ ಆಮೆ ಸಹಜವಾಗಿ ವಾಸಿಸುವುದಿಲ್ಲ. ಇದರ ವೈಜ್ಞಾನಿಕ ಹೆಸರು ಎಲೂಸರ್ ಮ್ಯಾಕ್ರುರಸ್.

ದೇಹರಚನೆ: ಬೆಳೆದ ಆಮೆಯ ಚಿಪ್ಪು 40 ಸೆಂ.ಮೀ.ಗಿಂತಲೂ ಉದ್ದವಿರಬಹುದು. ಗಂಡಿನ ಬಾಲ ಬಹಳ ದಪ್ಪ ಮತ್ತು ಉದ್ದ. ನಮ್ಮ ಕಾವೇರಿ, ತುಂಗಭದ್ರೆಯ ಆಮೆಗಳು ಹೆದರಿದಾಗ ಕತ್ತನ್ನು ನೇರವಾಗಿ ಒಳಗೆ ಎಳೆದುಕೊಳ್ಳುತ್ತವೆ. ಇದು ಮಾತ್ರ ಕತ್ತನ್ನು ಪಕ್ಕಕ್ಕೆ ಮಡಚಿ ಚಿಪ್ಪಿನ ಅಂಚಿನಡಿ ಅಡಗಿಸುತ್ತದೆ.

ಉಸಿರಾಟ: ಎಲ್ಲ ಆಮೆಗಳಂತೆ ಇದಕ್ಕೂ ಶ್ವಾಸಕೋಶಗಳಿವೆ. ಅದರ ಜೊತೆಗೆ ಬಾಲದ ಬುಡದಲ್ಲಿರುವ ವಿಸರ್ಜನಾ ದ್ವಾರದ ಒಳಗೆ ಎರಡು ಚೀಲಗಳಿವೆ. ಆಮೆ ಇವುಗಳೊಳಗೆ ನೀರನ್ನು ಎಳೆದು ಹೊರಬಿಡುತ್ತದೆ. ಆಗ ಚೀಲದ ಗೋಡೆಯ ರಕ್ತನಾಳಗಳು ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಹೀಗಾಗಿ ಇದು ಮೇಲೆ ಬಾರದೆ ಮೂರು ದಿನಗಳವರೆಗೂ ನೀರೊಳಗೆ ಇರಬಲ್ಲದು! ಆದರೆ ಇದಕ್ಕೆ ಆಮ್ಲಜನಕ ತುಂಬಿದ, ಹರಿಯುವ ಶುದ್ಧ ನೀರು ಬೇಕು.

ಆಹಾರ: ನೀರಿನ ಸಸ್ಯಗಳು, ಪಾಚಿ, ಬೀಜಗಳು, ಕಪ್ಪೆಚಿಪ್ಪಿನ ಜೀವಿಗಳು.

ಸಂತಾನ: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಮಳೆ ಬಂದಾಗ, ಹೆಣ್ಣು ಆಮೆ ಮರಳದಂಡೆಗೆ ಬಂದು ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ನರಿ, ನಾಯಿ, ಉಡಗಳು ಅನೇಕ ಗೂಡುಗಳನ್ನು ಅಗೆದು ತಿನ್ನುತ್ತವೆ. ಹೆಣ್ಣು ಮರಿ ತಾಯಿಯಾಗಲು ಸುಮಾರು 25 ವರ್ಷ ಬೇಕು. ಅಂದರೆ ನಿಮ್ಮ ಅಕ್ಕ ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವ ವಯಸ್ಸಿಗೆ ಅದು ಮೊದಲ ಮೊಟ್ಟೆ ಇಡುತ್ತದೆ!

ನಮ್ಮಿಂದಾದ ತಪ್ಪು: 1960 ಮತ್ತು 70ರ ದಶಕಗಳಲ್ಲಿ ಇದರ ಮೊಟ್ಟೆಗಳನ್ನು ಸಂಗ್ರಹಿಸಿ, ಮರಿಗಳನ್ನು 'ಪೆನ್ನಿ ಆಮೆ' ಎಂದು ಅಂಗಡಿಗಳಲ್ಲಿ ಮಾರುತ್ತಿದ್ದರು. ಮಕ್ಕಳು ಆಸೆಪಟ್ಟು ಕೊಂಡ ಮರಿಗಳಲ್ಲಿ ಬಹಳಷ್ಟು ಸತ್ತವು. ಅವು ಯಾವ ನದಿಯವು ಎಂದು ವರ್ಷಗಟ್ಟಲೆ ಹುಡುಕಿದವರು ಜಾನ್ ಕ್ಯಾನ್. 1994ರಲ್ಲಿ ಅವರು ಜಾನ್ ಲೆಗ್ಲರ್ ಜೊತೆಗೂಡಿ ಈ ಆಮೆಗೆ ವೈಜ್ಞಾನಿಕ ಹೆಸರು ಕೊಟ್ಟರು. ಹೆಸರು ಸಿಗುವ ಮೊದಲೇ ಮುಂದಿನ ತಾಯಂದಿರ ಒಂದು ತಲೆಮಾರು ಕಡಿಮೆಯಾಗಿತ್ತು.

ರಕ್ಷಣೆ: ಈ ನದಿಗೆ ದೊಡ್ಡ ಅಣೆಕಟ್ಟು ಕಟ್ಟುವ ಯೋಜನೆಯನ್ನು 2009ರಲ್ಲಿ ಆಸ್ಟ್ರೇಲಿಯಾ ಸರ್ಕಾರ ತಿರಸ್ಕರಿಸಿತು. ಟಯಾರೊ ಎಂಬ ಊರಿನವರು ಚಾಕೊಲೇಟ್ ಆಮೆಗಳನ್ನು ಮಾರಿ, ಆ ಹಣದಿಂದ ಗೂಡುಗಳನ್ನು ಕಾಪಾಡಿದರು.

ಇಂದು ಉಳಿಸಿದ ಮೊಟ್ಟೆಯ ಫಲ ಕಾಣಲು 25 ವರ್ಷ ಕಾಯಬೇಕು. ಪೋಷಕರೇ, ಮಕ್ಕಳು ಆಮೆಮರಿ ಬೇಕೆಂದು ಹಟ ಹಿಡಿದರೆ ಈ ಕಥೆ ಹೇಳಿ. ಮಕ್ಕಳೇ, ಆಮೆಯನ್ನು ನದಿಯಲ್ಲೇ ನೋಡಿ ಸಂತೋಷಪಡೋಣ.

ಯೋಚಿಸಿ ಉತ್ತರಿಸಿ:
1. ನಿಂತ ನೀರು ಈ ಆಮೆಗೆ ಏಕೆ ಒಗ್ಗುವುದಿಲ್ಲ?
2. ಈ ವರ್ಷ ಹುಟ್ಟಿದ ಹೆಣ್ಣು ಮರಿ ತಾಯಿಯಾಗುವಾಗ ನಿಮ್ಮ ವಯಸ್ಸು ಎಷ್ಟಾಗಿರುತ್ತದೆ?